ಪ್ರೆಸ್ ನೋಟ್ ಮುಗಿದ ಮೇಲೆ

ನಂಜನಗೂಡು ಬಸ್ ನಿಲ್ದಾಣದಲ್ಲಿ ಕೊಂಡ ಪತ್ರಿಕೆ ದೇವನೂರು ತಲುಪುವಷ್ಟರಲ್ಲಿ ನಾಲ್ಕಾರು ಕೈ ದಾಟಿರುತ್ತದೆ. ಮೊದಲು ಕೈ ಬದಲಾಗುವುದು ಕ್ರೈಂ ಪುಟ. ಇದನ್ನು ಹಗುರವಾಗಿ ಕಾಣುವ ಬುದ್ಧಿವಂತರಿದ್ದಾರೆ. ಕೊಲೆ ಸುದ್ದಿ ಓದುವವರಿಗೆ ಕೆಟ್ಟ ಕುತೂಹಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಾರು ಸತ್ತರು, ಯಾಕೆ ಸತ್ತರು, ಮಾಡಿದವನಿಗೆ ಶಿಕ್ಷೆಯಾಯಿತೆ ಎಂದು ಕೇಳುವುದು ನಾಗರಿಕನ ಮೊದಲ ಪ್ರಶ್ನೆ. ನಮ್ಮ ಪತ್ರಿಕೆ, ಟಿವಿಗಳು ಮೊದಲ ಎರಡಕ್ಕೆ ಮರುದಿನವೇ ಉತ್ತರ ಕೊಟ್ಟುಬಿಡುತ್ತವೆ, ಅದೂ ಠಾಣೆಯಿಂದ ಬಂದ ಪ್ರೆಸ್ ನೋಟ್ ನೋಡಿಕೊಂಡು. ಮೂರನೆಯದಕ್ಕೆ ಉತ್ತರ ಬರುವ ಹೊತ್ತಿಗೆ ಕೇಳಿದವರೂ ಮರೆತಿರುತ್ತಾರೆ, ಬರೆದವರೂ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ.

‘ಹೆಡೆಮುರಿ ಕಟ್ಟಿದ ಪೊಲೀಸರು’, ‘ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಬಾಯ್ಬಿಟ್ಟಿದ್ದಾನೆ’, ‘ಪಾಪಿ ಪತಿ’. ಈ ಸಾಲುಗಳು ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತವೆ. ಪೊಲೀಸರ ಎದುರು ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಇದು 25ನೇ ಕಲಂ ಆಗಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಂ. ಬ್ರಿಟಿಷರಿಗೂ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಆ ಹೇಳಿಕೆಯಿಂದ ಒಂದು ಮಚ್ಚೋ, ಒಂದು ಒಡವೆಯೋ ಸಿಕ್ಕರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ನ್ಯಾಯಾಧೀಶರು ಪಕ್ಕಕ್ಕಿಡಬೇಕಾದ ಮಾತನ್ನೇ ನಾವು ತಲೆಬರಹ ಮಾಡುತ್ತಿದ್ದೇವೆ.

ಇದರಿಂದ ಏನು ಅನಾಹುತ ಆಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕುಶಾಲನಗರದ ಹತ್ತಿರದ ಬಸವನಹಳ್ಳಿಯ ಆದಿವಾಸಿ ಕೂಲಿಕಾರರೊಬ್ಬರ ಹೆಂಡತಿ 2020ರ ಕೊನೆಯಲ್ಲಿ ಮನೆ ಬಿಟ್ಟು ಹೋದಳು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಠಾಣೆಗೆ ಹೋಗಿ ದೂರು ಕೊಟ್ಟದ್ದು ಆತನೇ. ಇತ್ತ ನಮ್ಮ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ, ಕೊಂದವನು ಈತನೇ ಎಂದು 2021ರಲ್ಲಿ ಆತನನ್ನು ಬಂಧಿಸಿದರು. ಡಿಎನ್‌ಎ ಪರೀಕ್ಷೆಗೆ ಮಾದರಿ ಹೋಗಿತ್ತು, ವರದಿ ಬರುವ ಮುಂಚೆಯೇ ಚಾರ್ಜ್‌ಶೀಟ್ ಸಿದ್ಧವಾಯಿತು. ಆಮೇಲೆ ವರದಿ ಬಂತು. ಮೂಳೆಗೂ ಆಕೆಯ ತಾಯಿಯ ರಕ್ತಕ್ಕೂ ತಾಳೆ ಇರಲಿಲ್ಲ.

ಆ ದಿನವೇ ಮೊಕದ್ದಮೆ ಕುಸಿಯಬೇಕಿತ್ತು, ಕುಸಿಯಲಿಲ್ಲ. ಆತ ಒಂದೂವರೆ ವರ್ಷದಷ್ಟು ಕಾಲ ಜೈಲಿನಲ್ಲಿದ್ದು ಹೈಕೋರ್ಟಿನಿಂದ ಜಾಮೀನು ಪಡೆದು ಹೊರಬಂದ. ವಿಚಾರಣೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ‘ಕೊಲೆಯಾದ’ ಹೆಂಡತಿ ಊಟಕ್ಕೆ ಕೂತಿದ್ದಳು! ಗುರುತು ಹಿಡಿದವರು ಆತನ ಪರಿಚಯದವರು. ಇಡೀ ಇಲಾಖೆಗೆ ನಾಲ್ಕು ವರ್ಷದಲ್ಲಿ ಸಿಗದ ಸತ್ಯ ಊಟಕ್ಕೆ ಹೋದವರ ಕಣ್ಣಿಗೆ ಬಿತ್ತು. ಆಕೆಯನ್ನು ಮೈಸೂರಿನ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಏಪ್ರಿಲ್ 23ರಂದು ಸೆಷನ್ಸ್ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ತನಿಖೆ ಮಾಡಿದವರ ಮೇಲೆ ಕ್ರಮ ಆಗಬೇಕು ಎಂದು ಹೇಳಿತು. ಆತ 5 ಕೋಟಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋದ. ಆ ಮೊತ್ತ ಕೇಳಿ ನಕ್ಕವರು ಒಂದು ಸಲ ಆತನ ಜಾಗದಲ್ಲಿ ನಿಂತು ನೋಡಲಿ. ಹೆಂಡತಿಯನ್ನು ಕೊಂದವನು ಎಂಬ ಹೆಸರು ಹೊತ್ತು ಹಾಡಿಯಲ್ಲಿ, ಮಕ್ಕಳ ಮುಂದೆ, ಕೂಲಿ ಕೊಡುವವರ ಮುಂದೆ ಬದುಕಿದ ಒಂದು ದಿನಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ಇದಕ್ಕೇ ಹೇಳಿ ಮಾಡಿಸಿದ್ದು. ಪೊಲೀಸರು ಎತ್ತು ಈಯಿತು ಎಂದರು, ಮಾಧ್ಯಮ ಕೊಟ್ಟಿಗೆಗೆ ಕಟ್ಟಿತು. ಬಂಧನದ ದಿನ ಯಾರಾದರೂ ಒಬ್ಬ ವರದಿಗಾರ ‘ಡಿಎನ್‌ಎ ವರದಿ ಬಂದಿದೆಯೇ’ ಎಂದು ಕೇಳಿದ್ದರೆ ಸಾಕಿತ್ತು. ಅದಕ್ಕೆ ಧೈರ್ಯವೂ ಬೇಕಿರಲಿಲ್ಲ, ಕಾನೂನಿನ ಪದವಿಯೂ ಬೇಕಿರಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವ ಇನ್ನೊಂದು ವಿಷಯವಿದೆ. ಅದು ಎಲ್ಲರ ಬಾಯಲ್ಲೂ ‘ಸತ್ತ ಹೆಂಡತಿ ಬದುಕಿ ಬಂದ ಕಥೆ’ ಆಗಿಹೋಯಿತು. ಹಾಗಾದರೆ ಆ ಮೂಳೆ ಯಾರದು? ಅದೂ ಒಬ್ಬರ ದೇಹ. ಅವರಿಗೂ ಒಂದು ಮನೆ ಇದ್ದಿರಬೇಕು, ಎಲ್ಲೋ ಒಂದು ಠಾಣೆಯಲ್ಲಿ ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರೂ ಇದ್ದಿರಬಹುದು. ಅದು ಕೊಲೆಯೇ ಆಗಿದ್ದರೆ, ಬೇರೊಬ್ಬನನ್ನು ಜೈಲಿಗೆ ಹಾಕಿದ ದಿನವೇ ನಿಜವಾದ ಕೊಲೆಗಾರನಿಗೆ ಬಿಡುಗಡೆ ಸಿಕ್ಕಂತಾಯಿತು. ಸುಳ್ಳು ತನಿಖೆಯಿಂದ ಒಬ್ಬನಿಗೆ ಅನ್ಯಾಯವಾಗುವುದಷ್ಟೇ ಅಲ್ಲ, ಸತ್ತವರಿಗೆ ನ್ಯಾಯ ಸಿಗುವ ದಾರಿಯೂ ಅಲ್ಲಿಗೇ ಮುಚ್ಚುತ್ತದೆ. ಮೈಸೂರಿನ ಯಾವುದಾದರೂ ಪತ್ರಿಕೆ ಈ ಒಂದು ಪ್ರಶ್ನೆ ಹಿಡಿದು ಬೆಟ್ಟದಪುರಕ್ಕೆ ಒಬ್ಬ ವರದಿಗಾರನನ್ನು ಕಳಿಸಬೇಕು.

ಪೊಲೀಸರಿಗೆ ಒಳ್ಳೆಯ ತನಿಖೆ ಮಾಡಲು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಬರುತ್ತದೆ. ಅದಕ್ಕೂ ಪಕ್ಕದಲ್ಲೇ ಸಾಕ್ಷಿ ಇದೆ.

2024ರ ಏಪ್ರಿಲ್‌ನಲ್ಲಿ ಹಾಸನದ ತುಂಬ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಏಪ್ರಿಲ್ 26ಕ್ಕೆ ಅಲ್ಲಿ ಮತದಾನ. ಆ ದೌರ್ಜನ್ಯದ ಆರೋಪ ಹೊತ್ತ ಆಗಿನ ಸಂಸದ ಪ್ರಜ್ವಲ್ ರೇವಣ್ಣ ದೇಶ ಬಿಟ್ಟು ಜರ್ಮನಿಗೆ ಹೋದರು, ಸರ್ಕಾರ ಬಿ.ಕೆ. ಸಿಂಗ್ ನೇತೃತ್ವದಲ್ಲಿ ಎಸ್‌ಐಟಿ ರಚಿಸಿತು. ಆಗ ಮೈಸೂರು ಎಸ್‌ಪಿ ಆಗಿದ್ದ ಸೀಮಾ ಲಾಟ್ಕರ್ ಕೂಡ ಆ ತಂಡದಲ್ಲಿದ್ದರು. ಆ ದಿನಗಳ ರಾಜಕೀಯ ನೆನಪಿಸಿಕೊಳ್ಳಿ. ಪೆನ್‌ಡ್ರೈವ್ ಹಂಚಿದವರು ಯಾರು, ಯಾರ ಹಿಂದೆ ಯಾರಿದ್ದಾರೆ, ಯಾವ ಪಕ್ಷಕ್ಕೆ ಎಷ್ಟು ಲಾಭ ಎಂದು ಮೂರು ಪಕ್ಷದವರೂ ತಿಂಗಳುಗಟ್ಟಲೆ ಬಡಿದಾಡಿದರು. ಟಿವಿಗಳು ಅದನ್ನೇ ಬೆಳಿಗ್ಗೆಯಿಂದ ರಾತ್ರಿವರೆಗೆ ಬಡಿಸಿದವು. ಇತ್ತ ಹೆಂಗಸರ ಮುಖ ಕಾಣುವ ವಿಡಿಯೊಗಳು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಎರಡು ವರ್ಷದವರೆಗೆ ಜೈಲಿಗೆ ಹೋಗುವ ಅಪರಾಧ. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಸಭ್ಯಸ್ಥರು, ಓದಿದವರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು ಎಲ್ಲರೂ ಇದ್ದರು. ಈ ಲಜ್ಜೆಗೇಡಿತನಕ್ಕೆ ಪಕ್ಷಭೇದ ಇರಲಿಲ್ಲ.

ಆ ಗದ್ದಲದ ನಡುವೆ ನಮ್ಮ ಜಿಲ್ಲೆಯ ಕೆ.ಆರ್. ನಗರ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಗಟ್ಟಿಯಾಗಿ ನಿಂತಳು. ಹೊಳೆನರಸೀಪುರದಲ್ಲಿ ಪ್ರಜ್ವಲ್ ಕುಟುಂಬದ ಗನ್ನಿಕಡ ತೋಟದ ಮನೆಯಲ್ಲಿ ಕೆಲಸಕ್ಕಿದ್ದವಳು. ಆಕೆಯನ್ನು ಅಪಹರಿಸಲಾಗಿದೆ ಎಂದು ಮಗ ದೂರು ಕೊಟ್ಟಾಗ ಹುಣಸೂರು ತಾಲ್ಲೂಕಿನ ತೋಟದ ಮನೆಯೊಂದರಿಂದ ಎಸ್‌ಐಟಿ ಕರೆತಂದಿತ್ತು. ಅಷ್ಟಾದ ಮೇಲೂ ಆಕೆ ಸಾಕ್ಷಿಕಟ್ಟೆ ಹತ್ತಿ ಹೇಳಬೇಕಾದ್ದನ್ನು ಹೇಳಿದಳು. ತೋಟದ ಮನೆಯಲ್ಲೇ ಉಳಿದಿದ್ದ ಆಕೆಯ ಒಂದು ಸೀರೆಯನ್ನು ತನಿಖಾಧಿಕಾರಿಗಳು ಹುಡುಕಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅದರ ಮೇಲಿನ ಡಿಎನ್‌ಎ ಆರೋಪಿ ಪ್ರಜ್ವಲ್‌ಗೆ ತಾಳೆಯಾಯಿತು. ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯದಲ್ಲಿ 26 ಸಾಕ್ಷಿಗಳ ವಿಚಾರಣೆ ಕೆಲವೇ ತಿಂಗಳಲ್ಲಿ ಮುಗಿಯಿತು. ನ್ಯಾಯಾಧೀಶ ಸಂತೋಷ್ ಗಜಾನನ ಭಟ್ 2025ರ ಆಗಸ್ಟ್ 1ರಂದು ಅತ್ಯಾಚಾರದ ಅಪರಾಧ ಸಾಬೀತಾಗಿದೆ ಎಂದರು, ಮರುದಿನ ಜೀವನಪರ್ಯಂತ ಸೆರೆ ವಿಧಿಸಿದರು. ಮಾಜಿ ಪ್ರಧಾನಿಯ ಮೊಮ್ಮಗನ ಎದುರು ಮನೆಗೆಲಸದ ಹೆಣ್ಣು! ಅಪೀಲು ಹೈಕೋರ್ಟಿಗೆ ಹೋಗಿದೆ, ಕೊನೆಯ ಮಾತು ಅಲ್ಲಿ ಬರಬೇಕು. ಆದರೂ ತನಿಖೆ ಎಂದರೆ ಹೇಗಿರಬೇಕು ಎಂಬುದಕ್ಕೆ ಆ ಸೀರೆಯನ್ನು ಕಾಲೇಜುಗಳಲ್ಲಿ ಪಾಠ ಮಾಡಬಹುದು.

ಎರಡರಲ್ಲೂ ಡಿಎನ್‌ಎ ಇತ್ತು. ಒಂದು ಕಡೆ ಇಡೀ ರಾಜ್ಯ ಕಣ್ಣಿಟ್ಟಿತ್ತು, ಅಧಿಕಾರಿಗಳು ಎಳೆ ಎಳೆ ಬಿಡಿಸಿದರು. ಇನ್ನೊಂದು ಕಡೆ ಆರೋಪಿ ಹಾಡಿಯ ಕೂಲಿಕಾರ, ನೋಡುವವರು ಯಾರೂ ಇರಲಿಲ್ಲ, ಕೈಯಲ್ಲಿದ್ದ ವರದಿಗೂ ಬೆಲೆ ಬರಲಿಲ್ಲ. ಕಣ್ಣಿಟ್ಟು ನೋಡುವ ಕೆಲಸ ಯಾರದು? ಪತ್ರಿಕೆಯದು. ಅದೂ ಅಮಾಯಕ, ಬಡವ, ಹೆಸರಿಲ್ಲದವನ ಪ್ರಕರಣದಲ್ಲಿ ಮೊದಲು.

ರಾಜಕಾರಣಿಗಳಿಗೆ ಬರೋಣ. 2023ರ ಜುಲೈನಲ್ಲಿ ತಿ. ನರಸೀಪುರದಲ್ಲಿ ಹನುಮ ಜಯಂತಿಯ ಮೆರವಣಿಗೆಯಲ್ಲಿ ಶುರುವಾದ ಜಗಳ ಒಬ್ಬ ಯುವಕನ ಕೊಲೆಯಲ್ಲಿ ಮುಗಿಯಿತು. ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ಅದೇ ವಾರ ಚಿಕ್ಕೋಡಿ ತಾಲ್ಲೂಕಿನಲ್ಲಿ ಜೈನಮುನಿಯೊಬ್ಬರ ಹತ್ಯೆಯ ಸುದ್ದಿಯೂ ಬಂದಿತ್ತು. ಎರಡೂ ಸಾವು ಸದನದ ಗದ್ದಲವಾದವು. ಪೊಲೀಸರು ವೈಯಕ್ತಿಕ ಜಗಳ ಎಂದರು, ವಿರೋಧ ಪಕ್ಷ ಕೇಂದ್ರದ ತನಿಖೆ ಬೇಕು ಎಂದಿತು. ಸತ್ತವನು ಯಾವ ಸಂಘಟನೆಯವನು, ಕೊಂದವರು ಯಾವ ಪಕ್ಷದವರ ಜೊತೆ ಫೋಟೊ ತೆಗೆಸಿಕೊಂಡಿದ್ದರು, ಇದೇ ಚರ್ಚೆ. ಗಂಡನನ್ನು, ಮಗನನ್ನು ಕಳೆದುಕೊಂಡ ಮನೆಗೆ ಇದರಿಂದ ಏನು ಸಿಕ್ಕಿತು? ಕೊಲೆಯಾದ ವಾರ ಬಂದ ಮುಖಂಡರು, ಸಾಕ್ಷಿ ವಿಚಾರಣೆಯ ದಿನವೂ ಬಂದು ಕೋರ್ಟಿನ ಹಾಲ್‌ನಲ್ಲಿ ಒಂದು ಗಂಟೆ ಕೂರಬೇಕು. ಕ್ಯಾಮೆರಾ ಇಲ್ಲದ ಜಾಗ ಅದು. ಕಾಳಜಿ ಎಷ್ಟು ನಿಜ ಎಂದು ಅಲ್ಲಿ ತಿಳಿಯುತ್ತದೆ.

ಸಿಬಿಐ, ಎಸ್‌ಐಟಿ, ಸಿಐಡಿ ಎಂದು ಕೂಗುವುದು ಸುಲಭ. ಯಾವ ಪಕ್ಷ ವಿರೋಧದಲ್ಲಿದ್ದರೂ ಅದನ್ನೇ ಕೂಗುತ್ತದೆ. ಮೊಕದ್ದಮೆ ಸೋಲುವುದು ಬೇರೆ ಕಡೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಇಡೀ ರಾಜ್ಯ ನಡುಗಿತು, ಮಂತ್ರಿಗಳು ಸಾಲುಗಟ್ಟಿ ಹೋದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಕಾನೂನಿನ ಲೆಕ್ಕದಲ್ಲಿ ಯಾರೂ ಇಲ್ಲ. ಆರು ವರ್ಷ ಆ ಸಾಕ್ಷಿಗಳು ಅದೇ ಊರಿನ ಸುತ್ತಮುತ್ತ, ಅದೇ ಜನರ ನಡುವೆ, ಅವರದೇ ಹೊಲದ ಕೂಲಿಯಲ್ಲಿ ಬದುಕಬೇಕಿತ್ತು. ಅವರನ್ನು ಕಾಪಾಡುವುದಕ್ಕೆ ಯಾರಿದ್ದರು? ಅವರು ತಿರುಗಿಬಿದ್ದರು ಎಂದು ನಾವು ಬರೆಯುತ್ತೇವೆ. ಅವರನ್ನು ಬಿಟ್ಟು ಹೋದವರು ನಾವು.

ಸಾಕ್ಷಿಗಳು ನಿಂತರೆ ಏನಾಗುತ್ತದೆ ಎಂಬುದನ್ನು ಕೊಪ್ಪಳ ಜಿಲ್ಲೆಯ ಮರಕುಂಬಿ ತೋರಿಸಿತು. 2014ರ ಆಗಸ್ಟ್‌ನಲ್ಲಿ ದಲಿತ ಕೇರಿಯ ಮೇಲೆ ನಡೆದ ದಾಳಿಗೆ 2024ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 98 ಜನರಿಗೆ ಜೀವಾವಧಿ ಶಿಕ್ಷೆ. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ಜಾಮೀನು ಸಿಕ್ಕಿತು. ಶಿಕ್ಷೆಯ ಸುದ್ದಿ ದೆಹಲಿಯ ಪತ್ರಿಕೆಗಳಲ್ಲೂ ಬಂತು. ಜಾಮೀನಿನ ಸುದ್ದಿ ಎಷ್ಟು ಜನ ಓದಿದಿರಿ?

ಸಾಕ್ಷಿ ರಕ್ಷಣೆಯ ಯೋಜನೆಯನ್ನು ಸುಪ್ರೀಂ ಕೋರ್ಟು 2018ರ ಡಿಸೆಂಬರ್‌ನಲ್ಲಿ ಒಪ್ಪಿ, ದೇಶಕ್ಕೆಲ್ಲ ಅನ್ವಯಿಸಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ಮತ ಕೇಳಲು ಬರುವವರನ್ನು ಕೇಳಬೇಕಾದ ಪ್ರಶ್ನೆ ಇದು: ನಮ್ಮ ತಾಲ್ಲೂಕಿನಲ್ಲಿ ಇದುವರೆಗೆ ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಕೊಟ್ಟಿದ್ದೀರಿ, ಸರ್ಕಾರಿ ವಕೀಲರ ಹುದ್ದೆ ಎಷ್ಟು ತಿಂಗಳಿಂದ ಖಾಲಿ ಇದೆ, ಲ್ಯಾಬ್ ವರದಿ ಬರಲು ಎಷ್ಟು ದಿನ ಹಿಡಿಯುತ್ತಿದೆ?

ನಂಜನಗೂಡಿನಿಂದ ಚಾಮರಾಜನಗರದ ರಸ್ತೆ ಹಿಡಿದರೆ ಬದನವಾಳು ಸಿಗುತ್ತದೆ. ಗಾಂಧೀಜಿ ಬಂದು ಹೋದ ಖಾದಿ ಕೇಂದ್ರದ ಊರು. 1993ರ ಮಾರ್ಚ್ 25ರಂದು, ದೇವಸ್ಥಾನ ಪ್ರವೇಶದ ಜಗಳದ ಬೆನ್ನಲ್ಲೇ, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಅವರಲ್ಲಿ ಒಬ್ಬರು ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು, ಇನ್ನೊಬ್ಬರು ಅವರ ಮಗ. ಅಂದಿನಿಂದ ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವಿನ ಒಂದು ದಾರಿ ಬಳಕೆ ತಪ್ಪಿತು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಭಾರತ್ ಜೋಡೋ ಯಾತ್ರೆಯಲ್ಲಿ ಬಂದು, ಆ ದಾರಿಯನ್ನು ತೆರೆಸಿ, ಎರಡೂ ಕಡೆಯವರ ಜೊತೆ ಕೂತು ಊಟ ಮಾಡಿ ಹೋದರು. ಒಳ್ಳೆಯ ಕೆಲಸ, ಯಾರು ಮಾಡಿದರೂ ಒಳ್ಳೆಯದೇ. ಆದರೆ ಇಪ್ಪತ್ತೊಂಬತ್ತು ವರ್ಷ ಆ ದಾರಿ ಮುಚ್ಚಿದ್ದದ್ದು ನಮ್ಮ ಶಾಸಕರಿಗೆ, ತಹಶೀಲ್ದಾರರಿಗೆ, ವರದಿಗಾರರಿಗೆ ಸುದ್ದಿಯೇ ಆಗಿರಲಿಲ್ಲವೇ? ಮೈಸೂರಿನಿಂದ ಮುಕ್ಕಾಲು ಗಂಟೆಯ ದಾರಿ. ಕೊಲೆಯ ಸುದ್ದಿ ಒಂದು ವಾರ ಓಡಿತು. ಆಮೇಲೆ ಆ ಊರಿನ ಮಕ್ಕಳು ಸುತ್ತಿ ಬಳಸಿ ನಡೆದ ಇಪ್ಪತ್ತೊಂಬತ್ತು ವರ್ಷ ಯಾವ ಪುಟದಲ್ಲೂ ಬರಲಿಲ್ಲ. ದಲಿತರ ಮೇಲಿನ ಅಪರಾಧ ಕೊಲೆಯಾದ ದಿನಕ್ಕೆ ಮುಗಿಯುವುದಿಲ್ಲ ಎಂದು ದಲಿತ ಚಳವಳಿಯವರು ಹೇಳುತ್ತಲೇ ಬಂದಿದ್ದಾರೆ. ಕ್ರೈಂ ಬೀಟ್‌ನವರಿಗೆ ಅದಿನ್ನೂ ಅರ್ಥವಾಗಿಲ್ಲ.

ಪತ್ರಕರ್ತರೇ ಕೊಲೆಯಾದ ಪ್ರಕರಣದಲ್ಲೂ ಹೀಗೇ. ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಆ ವಾರ ಟಿವಿಗಳಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಕ್ಸಲರೋ, ಆಸ್ತಿ ಜಗಳವೋ, ಬಲಪಂಥೀಯರೋ ಎಂದು ಪಂಚಾಯಿತಿ. ಎಸ್‌ಐಟಿ ಇದ್ಯಾವುದಕ್ಕೂ ಕಿವಿಗೊಡದೆ ಗುಂಡುಗಳನ್ನು ಹೋಲಿಸಿ ನೋಡಿತು. ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ ಕೊಂದದ್ದೂ ಅದೇ ಪಿಸ್ತೂಲು ಎಂದು ಪ್ರಯೋಗಾಲಯ ಹೇಳಿತು. ಮದ್ದೂರಿನ ಒಬ್ಬನ ಬಂಧನದಿಂದ ಮೈಸೂರಿನ ಲೇಖಕ ಕೆ.ಎಸ್. ಭಗವಾನ್ ಅವರ ಹತ್ಯೆಯ ಸಂಚೂ ಬಯಲಾಯಿತು. ಒಂದು ಕೊಲೆಯ ತನಿಖೆ ಇನ್ನೊಂದು ಜೀವ ಉಳಿಸಿತು. ಇದಕ್ಕಿಂತ ದೊಡ್ಡ ಕ್ರೈಂ ಸ್ಟೋರಿ ಕರ್ನಾಟಕದಲ್ಲಿ ಇನ್ನಾವುದಿದೆ?

ವಿಚಾರಣೆ 2022ರ ಜುಲೈನಲ್ಲಿ ಶುರುವಾಯಿತು. ನೂರಾರು ಸಾಕ್ಷಿಗಳು. ಆರೋಪಿಗಳಿಗೆ ಒಬ್ಬೊಬ್ಬರಾಗಿ ಜಾಮೀನು ಸಿಕ್ಕಿತು. 2024ರ ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ಇಬ್ಬರಿಗೆ ಹಾರ ಹಾಕಿ ಸ್ವಾಗತ ಮಾಡಿದ್ದನ್ನು ಎಲ್ಲರೂ ತೋರಿಸಿದರು. ಆ ವಾರ ಬೆಂಗಳೂರಿನ ಕೋರ್ಟಿನಲ್ಲಿ ಯಾವ ಸಾಕ್ಷಿ ಏನು ಹೇಳಿದರು ಎಂದು ಬರೆದವರನ್ನು ಬೆರಳಿನಲ್ಲಿ ಎಣಿಸಬಹುದು. ಕಲಬುರ್ಗಿಯವರ ಹತ್ಯೆಯ ನಂತರ, 2015ರ ಅಕ್ಟೋಬರ್‌ನಲ್ಲಿ, ದೇವನೂರ ಮಹಾದೇವ ಅವರು ಪದ್ಮಶ್ರೀಯನ್ನೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಹಿಂದಿರುಗಿಸಿದರು. ಆಗ ‘ಪ್ರಶಸ್ತಿ ವಾಪಸಾತಿ’ ಎಂದು ಹಂಗಿಸಿದ ಸ್ಟುಡಿಯೋಗಳು ಕೊಲೆಯ ಬಗ್ಗೆ ಮಾತಾಡಿದ್ದಕ್ಕಿಂತ ವಾಪಸಾತಿಯ ಬಗ್ಗೆ ಮಾತಾಡಿದ್ದೇ ಹೆಚ್ಚು. ನಮ್ಮೂರಿನವರು ಎಂಬ ಅಭಿಮಾನದಿಂದ ನಾನು ಇದನ್ನು ಹೇಳುತ್ತಿಲ್ಲ. ಮನೆ ಬಾಗಿಲಲ್ಲೇ ಒಬ್ಬ ವಿದ್ವಾಂಸರ ಹಣೆಗೆ ಗುಂಡು ಬಿದ್ದಿತ್ತು. ಅದಕ್ಕಿಂತ ಮುಖ್ಯವಾದ ಸುದ್ದಿ ಆ ದಿನ ಇರಲಿಲ್ಲ.

ಪತ್ರಿಕೆಗಳಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಜಿಲ್ಲೆಗೊಬ್ಬ ವರದಿಗಾರ ಕೋರ್ಟಿನಲ್ಲಿ ಕೂರಲಿ. ಬಂಧನದ ಸುದ್ದಿ ಹಾಕಿದ ಪತ್ರಿಕೆ ಖುಲಾಸೆಯ ಸುದ್ದಿಯನ್ನೂ ಅಷ್ಟೇ ಜಾಗದಲ್ಲಿ ಹಾಕಲಿ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು, ಏನು ಹೇಳಬಾರದು ಎಂದು ಮಾರ್ಗಸೂಚಿ ಮಾಡಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತ್ತು. ಮಾರ್ಗಸೂಚಿ ಇರಲಿ ಬಿಡಲಿ, ಪ್ರೆಸ್‌ಮೀಟ್‌ನಲ್ಲಿ ಒಂದು ಪ್ರಶ್ನೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ: ಆರೋಪಿಯ ಹೇಳಿಕೆ ಬಿಟ್ಟು ನಿಮ್ಮ ಹತ್ತಿರ ಇನ್ನೇನಿದೆ?

ಓದುವ ನಮಗೂ ಕೆಲಸವಿದೆ. ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂದು ದೂರು ಕೊಟ್ಟವರಿಗೋ ನೊಂದವರಿಗೋ ಪೊಲೀಸರು 90 ದಿನದೊಳಗೆ ತಿಳಿಸಲೇಬೇಕು. ನಂಜನಗೂಡಿನ ಕೋರ್ಟಿನ ಆವರಣದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು, ವಕೀಲರ ಗುಮಾಸ್ತರ ಹಿಂದೆ ಅಲೆಯುವ ಹಳ್ಳಿಯವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಪಡೆಯಿರಿ. ಮೊಕದ್ದಮೆ ದಾಖಲಾದ ಮೇಲೆ ಅದಕ್ಕೊಂದು ಸಿಎನ್‌ಆರ್ ಸಂಖ್ಯೆ ಬರುತ್ತದೆ, ಅಕ್ಷರ ಅಂಕಿ ಸೇರಿ ಹದಿನಾರು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎಲ್ಲ ಮೊಬೈಲಿನಲ್ಲೇ ಬರುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಎರಡು ನಿಮಿಷದ ಕೆಲಸ. 90 ದಿನ ಕಳೆದರೂ ಠಾಣೆಯಿಂದ ಮಾತು ಬರದಿದ್ದರೆ ಬಾಯಿಮಾತಿನಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ, ಅದರ ಒಂದು ನಕಲನ್ನು ನಿಮ್ಮೂರಿನ ವರದಿಗಾರನ ಕೈಗೂ ಕೊಡಿ.